ಸಂದೇಹದ ಫಲ ಯಾರಿಗೆ ಸಲ್ಲಬೇಕು?

ಸೈನ್ಯಕ್ಕೆ ಸೇರಬಯಸುವ ತರುಣನ ದೇಹವನ್ನು ಪರಿಶೀಲಿಸುವಷ್ಟು ನಿಷ್ಠುರವಾಗಿ ಬೇರೆ ಉದ್ಯೋಗಗಳಲ್ಲಿ ಪರಿಶೀಲಿಸುವುದು ವಿರಳ. ಎತ್ತರ, ತೂಕ, ಎದೆಯ ಸುತ್ತಳತೆ, ದೃಷ್ಟಿ, ಶ್ರವಣ, ಹಲ್ಲು, ಅಂಗಾಲಿನ ಆಕಾರ, ಮೊಣಕಾಲುಗಳ ನಡುವಣ ಅಂತರ ಇವೆಲ್ಲವೂ ಅಳತೆಗೆ ಒಳಪಡುತ್ತವೆ. ಅಲ್ಪ ನ್ಯೂನತೆ ಕಂಡರೂ ಅವನನ್ನು ಹಿಂದಕ್ಕೆ ಕಳುಹಿಸಲಾಗುತ್ತದೆ. ಹೀಗೆ ಜರಡಿ ಹಿಡಿದು ಆಯ್ದುಕೊಂಡ ದೇಹವೇ ಹತ್ತು ಹದಿನೈದು ವರ್ಷಗಳ ಸೇವೆಯ ಬಳಿಕ ರೋಗಕ್ಕೆ ತುತ್ತಾಗಿ, ಅನರ್ಹವೆಂಬ ಚೀಟಿಯೊಡನೆ ಹೊರಬಂದಾಗ, ಅದೇ ವ್ಯವಸ್ಥೆಯ ವೈದ್ಯಕೀಯ ಮಂಡಳಿ ಒಂದು ಸಾಲನ್ನು ಬರೆಯುವುದುಂಟು: ಈ ರೋಗವು ಸೇವೆಯಿಂದ ಉಂಟಾದುದೂ ಅಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ. ಆ ಒಂದು ಸಾಲಿನಿಂದ ಅಂಗವೈಕಲ್ಯ ಪಿಂಚಣಿಯ ಬಾಗಿಲು ಮುಚ್ಚುತ್ತದೆ. ಮುಚ್ಚಿದ ಬಾಗಿಲನ್ನು ಮತ್ತೆ ಮತ್ತೆ ತಟ್ಟುವುದು ಲೋಭವೋ, ನ್ಯಾಯವೋ? ಒಳಗಿನವರು ತೆರೆಯಲೊಲ್ಲದೆ ನಿಲ್ಲುವುದು ಬೊಕ್ಕಸದ ರಕ್ಷಣೆಯೋ, ಅಥವಾ ಬೇರೊಬ್ಬನ ಸೊತ್ತಿನ ಅಪಹರಣವೋ? ಪ್ರಶ್ನೆಯು ಕಾನೂನಿನದೆಂದು ಮೇಲ್ನೋಟಕ್ಕೆ ತೋರಿದರೂ ಅದರ ಬೇರು ನೀತಿಯಲ್ಲಿದೆ.

ರೋಗದ ಮೂಲವನ್ನು ನಿಶ್ಚಯವಾಗಿ ಹೇಳುವುದು ಬಹಳ ಸಂದರ್ಭಗಳಲ್ಲಿ ಯಾರಿಗೂ ಸಾಧ್ಯವಿಲ್ಲ. ಗುಂಡು ತಗುಲಿದ ಕಾಲಿಗೆ ಸಾಕ್ಷಿ ಬೇಡ. ಆದರೆ ಮೂರ್ಛೆರೋಗಕ್ಕೆ, ಮನೋವ್ಯಾಧಿಗೆ, ರಕ್ತದೊತ್ತಡಕ್ಕೆ ಕಾರಣವೇನು? ಹಿಮದ ಮೇಲಿನ ಕಾವಲೇ, ವರ್ಷಾನುಗಟ್ಟಲೆ ನಿದ್ದೆಗೆಟ್ಟ ರಾತ್ರಿಗಳೇ, ಮನೆಮಂದಿಯಿಂದ ದೂರವಿದ್ದ ಕೊರಗೇ, ಅಥವಾ ತಂದೆತಾಯಿಯರಿಂದ ಬಂದ ದೇಹಪ್ರಕೃತಿಯೇ? ಸೈನಿಕನು ‘ಸೇವೆಯಿಂದಲೇ ಬಂತು’ ಎಂದು ರುಜುಪಡಿಸಲಾರ. ಸರ್ಕಾರವೂ ‘ಸೇವೆಯಿಂದ ಬರಲಿಲ್ಲ’ ಎಂದು ರುಜುಪಡಿಸಲಾರದು. ಇಬ್ಬರೂ ಕತ್ತಲೆಯಲ್ಲಿ ನಿಂತಿರುವಾಗ ನಷ್ಟವನ್ನು ಯಾರ ಹೆಗಲಿಗೆ ಹೊರಿಸಬೇಕೆಂಬುದೇ ಇಲ್ಲಿರುವ ನೈತಿಕ ಸಮಸ್ಯೆ.

ವಿಶೇಷವೆಂದರೆ, ಈ ಪ್ರಶ್ನೆಗೆ ಉತ್ತರವನ್ನು ಸರ್ಕಾರವು ತಾನೇ ಹಿಂದೆಯೇ ಬರೆದಿಟ್ಟಿತ್ತು. ಭೂಸೇನೆಯ 1961ರ ಪಿಂಚಣಿ ನಿಯಮಾವಳಿಯ ಪ್ರಕಾರ, ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಿಸಿದ ವೈಕಲ್ಯವು ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ಅದರ ಕಾರಣದಿಂದ ಸೇವೆಯಿಂದ ಬಿಡುಗಡೆಯಾದವನಿಗೆ ಈ ಪಿಂಚಣಿ ಸಲ್ಲುತ್ತದೆ. 1982ರ ಅರ್ಹತಾ ನಿಯಮಗಳು ಇನ್ನೂ ಮುಂದಕ್ಕೆ ಹೋದವು. ಸೇರುವಾಗ ದಾಖಲಾಗದ ಕಾಯಿಲೆಯ ಮಟ್ಟಿಗೆ ಸೈನಿಕನು ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು. ಬಳಿಕ ಕಾಯಿಲೆಯ ಕಾರಣದಿಂದ ಹೊರಬಂದರೆ ಆ ಕುಸಿತವು ಸೇವೆಯಿಂದಲೇ ಆದುದೆಂದು ಊಹಿಸಬೇಕು. ರುಜುವಾತಿನ ಹೊಣೆಯನ್ನು ಕೇಳುವವನ ಮೇಲೆ ಹೊರಿಸಬಾರದು. ನ್ಯಾಯಯುತವಾದ ಸಂದೇಹವಿದ್ದರೆ ಅದರ ಫಲ ಅವನಿಗೇ ಸಲ್ಲಬೇಕು. ‘ಸೇರುವ ಮೊದಲಿನ ತಪಾಸಣೆಯಲ್ಲಿ ಇದನ್ನು ಕಂಡುಹಿಡಿಯಲು ಸಾಧ್ಯವಿರಲಿಲ್ಲ’ ಎಂದು ವೈದ್ಯರು ಹೇಳುವುದಾದರೆ ಅದಕ್ಕೆ ಕಾರಣವನ್ನು ಬರೆಯಬೇಕು. ರೋಗವು ರಣರಂಗದಲ್ಲಿ ಬಂತೋ, ಶಾಂತಿಕಾಲದ ಶಿಬಿರದಲ್ಲಿ ಬಂತೋ ಎಂಬುದು ಮುಖ್ಯವಲ್ಲವೆಂದು ಸೈನಿಕ ವೈದ್ಯಕೀಯ ಸೇವೆಯ 1983ರ ನಿಯಮಾವಳಿಯೂ ಹೇಳಿತು. ಇಷ್ಟು ಉದಾರವಾದ ಮಾತನ್ನು ಬರೆದವರ ಹೆಸರು ಯಾರಿಗೂ ತಿಳಿಯದು. ಅವರು ಯಾರೇ ಆಗಿರಲಿ, ವೈದ್ಯಶಾಸ್ತ್ರದ ಮಿತಿಯನ್ನೂ ಬಡವನ ಅಸಹಾಯಕತೆಯನ್ನೂ ಒಟ್ಟಿಗೇ ಬಲ್ಲವರು.

ಬರೆದ ಮಾತಿಗೂ ನಡೆದ ರೀತಿಗೂ ಇರುವ ದೂರವನ್ನು ತಿಳಿಯಲು ಒಂದು ಪ್ರಕರಣ ಸಾಕು. ಸಿಗ್ನಲ್ಸ್ ದಳಕ್ಕೆ 1985ರ ಜೂನ್ ತಿಂಗಳಲ್ಲಿ ಸೇರಿದ ಒಬ್ಬ ಸಿಪಾಯಿಯನ್ನು ಸುಮಾರು ಒಂಬತ್ತು ವರ್ಷಗಳ ಸೇವೆಯ ನಂತರ, 1994ರ ಏಪ್ರಿಲ್ 1ರಂದು, ಮೂರ್ಛೆರೋಗದ ಕಾರಣದಿಂದ ಬಿಡುಗಡೆ ಮಾಡಲಾಯಿತು. ವೈಕಲ್ಯದ ಪ್ರಮಾಣ ಶೇಕಡಾ 20 ಎಂದು ನಿಗದಿಯಾಯಿತು. ಆದರೆ ರೋಗವು ದೇಹಪ್ರಕೃತಿಗೆ ಸಂಬಂಧಿಸಿದ್ದು, ಸೇವೆಗೆ ಸಂಬಂಧಿಸಿದ್ದಲ್ಲ ಎಂಬ ಅಭಿಪ್ರಾಯದ ಮೇಲೆ ಪಿಂಚಣಿಯನ್ನು ನಿರಾಕರಿಸಲಾಯಿತು. ಸೇರುವಾಗಿನ ದಾಖಲೆಯಲ್ಲಿ ಆ ರೋಗದ ಸುಳಿವಿರಲಿಲ್ಲ. ಏಕೆ ಸುಳಿವಿರಲಿಲ್ಲವೆಂಬುದಕ್ಕೆ ಮಂಡಳಿಯು ಕಾರಣವನ್ನೂ ಬರೆದಿರಲಿಲ್ಲ. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಲ್ಲಿ ಅವನಿಗೆ ಜಯವಾಯಿತು. ಸರ್ಕಾರವು ಮೇಲ್ಮನವಿ ಸಲ್ಲಿಸಿದಾಗ ವಿಭಾಗೀಯ ಪೀಠದಲ್ಲಿ ಸೋಲಾಯಿತು. ಕೊನೆಗೆ 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯವು ಹಳೆಯ ನಿಯಮಗಳನ್ನೇ ಒಂದೊಂದಾಗಿ ಎತ್ತಿ ಓದಿ, ಸಂದೇಹದ ಫಲ ಸೈನಿಕನದೆಂದು ತೀರ್ಪಿತ್ತಿತು. ನ್ಯಾಯಾಲಯವು ಹೊಸದಾಗಿ ಸೃಷ್ಟಿಸಿದ್ದು ಹೆಚ್ಚೇನೂ ಇಲ್ಲ. ಸರ್ಕಾರದ ಮಾತನ್ನು ಸರ್ಕಾರಕ್ಕೇ ನೆನಪಿಸಿತು, ಅಷ್ಟೆ. ಆ ನೆನಪಿಗೆ ಹತ್ತೊಂಬತ್ತು ವರ್ಷ ಬೇಕಾಯಿತು.

ಸಂದೇಹದ ಭಾರವನ್ನು ಬಲಿಷ್ಠನೇ ಹೊರಬೇಕೆಂಬುದಕ್ಕೆ ಕರುಣೆಗಿಂತ ಗಟ್ಟಿಯಾದ ಆಧಾರವಿದೆ. ದೇಹವನ್ನು ಮೊದಲು ಪರೀಕ್ಷಿಸಿದವರು ಯಾರು? ಸರ್ಕಾರದ ವೈದ್ಯರು. ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ನಿಲ್ಲಬೇಕು, ಏನನ್ನು ಉಣ್ಣಬೇಕು, ಯಾವಾಗ ಮಲಗಬೇಕು ಎಂದು ನಿರ್ಧರಿಸಿದವರು ಯಾರು? ಸರ್ಕಾರದ ಅಧಿಕಾರಿಗಳು. ಚಿಕಿತ್ಸೆಯ ಕಾಗದಗಳು ಯಾರ ವಶದಲ್ಲಿವೆ? ಸರ್ಕಾರದ ದಾಖಲೆ ಕಚೇರಿಯಲ್ಲಿ. ವೈಕಲ್ಯವನ್ನು ಅಳೆಯುವ ತಕ್ಕಡಿಯೂ ಅವರ ಕೈಯಲ್ಲಿಯೇ ಇದೆ. ಎಲ್ಲ ಸಾಧನಗಳೂ ಒಂದೇ ಪಕ್ಷದಲ್ಲಿರುವಾಗ ಇನ್ನೊಂದು ಪಕ್ಷವನ್ನು ‘ನಿನ್ನ ಮಾತನ್ನು ಸಾಧಿಸು’ ಎಂದು ಕೇಳುವುದು, ಕೈ ಕಟ್ಟಿದವನನ್ನು ಈಜೆಂದು ಹೊಳೆಗಿಳಿಸಿದಂತೆ. ತಪ್ಪಿನ ಪರಿಣಾಮವೂ ಎರಡು ಕಡೆ ಸಮವಲ್ಲ. ಅನರ್ಹನಿಗೆ ಒಂದು ಪಿಂಚಣಿ ಸಂದರೆ ಬೊಕ್ಕಸಕ್ಕೆ ಆಗುವ ನಷ್ಟ ಕೋಟಿ ಜನರಲ್ಲಿ ಹಂಚಿಹೋಗುತ್ತದೆ. ಅರ್ಹನಿಗೆ ನಿರಾಕರಿಸಿದರೆ ಆ ನಷ್ಟ ಒಂದೇ ಮನೆಯ ಒಲೆಯ ಮೇಲೆ ಬೀಳುತ್ತದೆ.

ಇಲ್ಲಿ ಕಾರಣ ಬರೆಯುವ ವೈದ್ಯನ ಕರ್ತವ್ಯವನ್ನೂ ಮರೆಯಲಾಗದು. ಮನೋವ್ಯಾಧಿಯ ಕಾರಣದಿಂದ 1998ರಲ್ಲಿ ಸೈನ್ಯದಿಂದ ಬಿಡುಗಡೆಯಾದ ಇನ್ನೊಬ್ಬ ಸೈನಿಕನ ಪ್ರಕರಣದಲ್ಲಿ, ಕಾರಣ ಕೊಡದ ವೈದ್ಯಕೀಯ ಅಭಿಪ್ರಾಯವನ್ನು ಆಧರಿಸಿ ಪಿಂಚಣಿಯನ್ನು ತಡೆಯಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿತು. ವೈದ್ಯನು ಸುಳ್ಳು ಬರೆದನೆಂದು ಇದರ ಅರ್ಥವಲ್ಲ. ತನಗೆ ತಿಳಿಯದ ವಿಷಯವನ್ನು ತಿಳಿದಂತೆ ಬರೆದನೆಂಬುದೇ ದೋಷ. ‘ಕಾರಣ ಗೊತ್ತಿಲ್ಲ’ ಎಂದು ಬರೆಯಬೇಕಾದಲ್ಲಿ ‘ಸೇವೆ ಕಾರಣವಲ್ಲ’ ಎಂದು ಬರೆಯುವುದು ಎರಡು ಪದಗಳ ವ್ಯತ್ಯಾಸದಂತೆ ಕಾಣುತ್ತದೆ. ಅನೇಕಾಂತದ ಪರಿಚಯವುಳ್ಳ ಓದುಗರಿಗೆ ಆ ವ್ಯತ್ಯಾಸದ ಆಳವನ್ನು ವಿವರಿಸಬೇಕಾಗಿಲ್ಲ.

ನಿರಾಕರಣೆಯ ಪತ್ರ ಮನೆಗೆ ಬಂದ ಮೇಲೆ ಹತ್ತಬೇಕಾದ ಮೆಟ್ಟಿಲುಗಳು ಹಲವು. ಮೊದಲನೆಯ ಮೇಲ್ಮನವಿಯನ್ನು ಒಂದು ಸಮಿತಿಯೂ ಎರಡನೆಯದನ್ನು ಇನ್ನೊಂದು ಸಮಿತಿಯೂ ಪರಿಶೀಲಿಸುತ್ತವೆ, ಎರಡೂ ಇಲಾಖೆಯೊಳಗಿನವೇ. ಅಲ್ಲಿಯೂ ಫಲ ದೊರೆಯದಿದ್ದರೆ, 2007ರ ಕಾಯಿದೆಯಂತೆ ಸ್ಥಾಪಿತವಾಗಿ 2009ರಿಂದ ಕೆಲಸ ಮಾಡುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯನ್ನು ಸೇರಬಹುದು. ಅದರ ಪ್ರಧಾನ ಪೀಠ ದೆಹಲಿಯಲ್ಲಿದೆ. ಚಂಡೀಗಢ, ಲಕ್ನೋ, ಚೆನ್ನೈ, ಕೊಚ್ಚಿ ಮೊದಲಾದ ಕಡೆಗಳಲ್ಲಿ ಪ್ರಾದೇಶಿಕ ಪೀಠಗಳಿವೆ. ಅದರ ಆದೇಶವನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಇದು ಸೈನಿಕನಿಗೂ ತೆರೆದ ದಾರಿ, ಸರ್ಕಾರಕ್ಕೂ ತೆರೆದ ದಾರಿ. ಆದರೆ ಒಬ್ಬನು ಆ ದಾರಿಯನ್ನು ಸಾಲ ಮಾಡಿ ನಡೆಯುತ್ತಾನೆ, ಇನ್ನೊಬ್ಬನು ಸಂಬಳದ ವಕೀಲರೊಡನೆ ನಡೆಯುತ್ತಾನೆ.

ಈ ಹಂತದಲ್ಲಿಯೇ ಮನೆಯ ಹಿರಿಯರು ‘ಹೋಗಲಿ ಬಿಡಪ್ಪ, ಋಣವಿಲ್ಲದ್ದು ದಕ್ಕುವುದಿಲ್ಲ’ ಎಂದು ಸಮಾಧಾನ ಹೇಳುವುದುಂಟು. ಮಾತು ಒಳ್ಳೆಯ ಮನಸ್ಸಿನಿಂದ ಬಂದದ್ದು. ಸಂತೋಷ, ಕ್ಷಮೆ, ನಿರ್ಲೋಭ ಇವು ದೊಡ್ಡ ಗುಣಗಳೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಿಟ್ಟುಕೊಡುವುದು ಗುಣವಾಗಬೇಕಾದರೆ ಬಿಡುವವನಿಗೆ ಪಡೆಯುವ ಸಾಮರ್ಥ್ಯವಿರಬೇಕು, ಬಿಡುವ ವಸ್ತು ಅವನೊಬ್ಬನದೇ ಆಗಿರಬೇಕು. ದಣಿದು ಕೈಚೆಲ್ಲುವುದು ತ್ಯಾಗವಲ್ಲ. ಪತ್ನಿಯ ಔಷಧಕ್ಕೂ ಮಕ್ಕಳ ಓದಿಗೂ ಸಲ್ಲಬೇಕಾದ ಹಣವನ್ನು ತನ್ನ ಮಾನದ ಹೆಸರಿನಲ್ಲಿ ಬಿಟ್ಟುಬಿಡುವುದು ಬೇರೆಯವರ ಪಾತ್ರೆಯಿಂದ ದಾನ ಮಾಡಿದಂತೆ. ಮೂರ್ಛೆರೋಗಿಗೆ ಹೊರಗೆ ಕೆಲಸ ಸಿಗುವುದು ಕಷ್ಟ; ಮನೋವ್ಯಾಧಿಯಾದರೆ ಅದನ್ನು ಹೇಳಿಕೊಳ್ಳುವುದೇ ಕಷ್ಟ. ಊರಿನಲ್ಲಿ ‘ಮಿಲಿಟರಿಯಿಂದ ಕಳಿಸಿಬಿಟ್ಟರಂತೆ’ ಎಂಬ ಪಿಸುಮಾತು ಬೇರೆ. ಆತನ ಮನೆಯವರಿಗೆ ಪಿಂಚಣಿಯ ಆದೇಶವು ಹಣದ ಕಾಗದ ಮಾತ್ರವಲ್ಲ. ಅವನು ಕೆಲಸಗಳ್ಳನಾಗಿ ಮರಳಲಿಲ್ಲವೆಂಬುದಕ್ಕೆ ಸಾಕ್ಷಿಪತ್ರವೂ ಹೌದು. ಈ ಎರಡನೆಯ ಕಾರಣಕ್ಕಾಗಿಯೇ ಹಲವರು ಹೋರಾಟವನ್ನು ಮುಂದುವರಿಸುತ್ತಾರೆ.

ಪಿಂಚಣಿಯನ್ನು ದಾನವೆಂದು ನೋಡುವುದೇ ಮೂಲದಲ್ಲಿರುವ ದೃಷ್ಟಿದೋಷ. ಅದು ನ್ಯಾಸ, ಅಂದರೆ ಇಟ್ಟ ಒಡವೆ. ತರುಣನು ತನ್ನ ಆರೋಗ್ಯವನ್ನು ರಾಜ್ಯದ ಕೈಯಲ್ಲಿ ಇರಿಸಿದ. ಮರಳುವಾಗ ಅದು ಊನವಾಗಿದ್ದರೆ ಇಟ್ಟುಕೊಂಡವರು ಲೆಕ್ಕ ಒಪ್ಪಿಸಬೇಕು. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಅದಕ್ಕೆ ಪೂಜ್ಯಪಾದರು ಕೊಟ್ಟ ವಿವರಣೆಯು ಇಲ್ಲಿ ಆಶ್ಚರ್ಯವಾಗುವಷ್ಟು ಒಪ್ಪುತ್ತದೆ. ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿ ಕೊಡುವುದೇ ನ್ಯಾಸಾಪಹಾರ. ಅವನು ಕಸಿದುಕೊಳ್ಳಲಿಲ್ಲ, ಇಲ್ಲವೆನ್ನಲಿಲ್ಲ, ಕೇಳಿದಷ್ಟನ್ನು ಕೊಟ್ಟ. ಆದರೂ ದೋಷ. ಅದೂ ಕಳವಿನ ಪಟ್ಟಿಯಲ್ಲಿ ಅಲ್ಲ, ಅಸತ್ಯದ ಪಟ್ಟಿಯಲ್ಲಿ.

ಇದನ್ನು ಇಂದಿನ ಲೆಕ್ಕಕ್ಕೆ ಹೊಂದಿಸಿ ನೋಡಬಹುದು. ಪೂರ್ಣ ವೈಕಲ್ಯಕ್ಕೆ ಕೊನೆಯ ವೇತನದ ಶೇಕಡಾ 30ರಷ್ಟು ವೈಕಲ್ಯದ ಭಾಗವೆಂದು ಸಲ್ಲುತ್ತದೆ. ಪ್ರಮಾಣ ಕಡಿಮೆಯಾದಂತೆ ಅದೂ ಇಳಿಯುತ್ತದೆ. ಶೇಕಡಾ 20 ವೈಕಲ್ಯವಿದ್ದವನಿಗೆ ವೇತನದ ಶೇಕಡಾ 6 ದೊರೆಯಬೇಕು. ಆದರೆ ವೈದ್ಯಕೀಯ ಅಂದಾಜು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಇರಲಾರದೆಂಬ ಕಾರಣದಿಂದ, 50ಕ್ಕಿಂತ ಕಡಿಮೆಯಿದ್ದುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೆ ಮೇಲ್ಪಟ್ಟುದನ್ನು 100 ಎಂದೂ ಎಣಿಸುವ ಪದ್ಧತಿಯು 1996ರ ಜನವರಿ 1ರಿಂದ ಅನ್ವಯವಾಯಿತು. ಆಗ ಅದೇ ಸೈನಿಕನಿಗೆ ಸಲ್ಲುವುದು ಶೇಕಡಾ 15. ಇದನ್ನು ವೈದ್ಯಕೀಯ ಕಾರಣದಿಂದ ಅವಧಿಗೆ ಮುನ್ನ ಹೊರಬಂದವರಿಗೆ ಮಾತ್ರ ಎಂದು ಸೀಮಿತಗೊಳಿಸಲಾಗಿತ್ತು. ಅವಧಿ ಮುಗಿಸಿ ವೈಕಲ್ಯದೊಡನೆ ನಿವೃತ್ತರಾದವರಿಗೂ ಅದು ಸಲ್ಲಬೇಕೆಂದು 2014ರ ಡಿಸೆಂಬರ್ 10ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತು, ಸರ್ಕಾರದ ನೂರಾರು ಮೇಲ್ಮನವಿಗಳನ್ನು ತಳ್ಳಿಹಾಕಿತು. ಈ ತೀರ್ಪನ್ನು ಅರಿಯದೆ ಹಳ್ಳಿಯ ಮೂಲೆಯಲ್ಲಿ ಹಳೆಯ ಮೊತ್ತವನ್ನೇ ಪಡೆಯುತ್ತಿರುವ ಮುದುಕನಿಗೆ ಪ್ರತಿ ತಿಂಗಳೂ ‘ಹೌದು, ಅಷ್ಟೇ’ ಎಂದು ಹೇಳಿದಂತಾಗುತ್ತದೆ.

ಕನ್ನಡ ನಾಡಿಗೆ ಈ ಋಣದ ಅರಿವು ಹೊಸದಲ್ಲ. ಕ್ರಿ.ಶ. 450ರ ಸುಮಾರಿನದೆಂದು ಎಣಿಸಲಾದ ಹಲ್ಮಿಡಿ ಶಾಸನವು ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ಖಡ್ಗ ತೊಳೆದ ಮರ್ಯಾದೆಯ ಕೊಡುಗೆಯಾಗಿ, ಕೊಟ್ಟ ದಾಖಲೆ. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿಯೂ ಗಂಗ ಬೂತುಗನು ಮಣಲೆರನಿಗೆ ಅದೇ ಹೆಸರಿನ ದತ್ತಿಯನ್ನು ಕೊಟ್ಟ. ಮಡಿದವರ ಮನೆಯವರಿಗೆ ನೆತ್ತರುಗೊಡಗೆಯ ಭೂಮಿ ಸಲ್ಲುತ್ತಿತ್ತು. ಆದರೆ ಆ ಕಲ್ಲುಗಳೆಲ್ಲವೂ ಕಣ್ಣಿಗೆ ಕಾಣುವ ಗಾಯಕ್ಕೆ, ಕಾಣುವ ಸಾವಿಗೆ ನೆಟ್ಟವು. ಕಾವಲಿನಲ್ಲಿ ನಿಂತು ನಿಂತು ನಿದ್ದೆ ಕಳೆದುಕೊಂಡವನಿಗೆ, ಹಿಮದಲ್ಲಿ ಬುದ್ಧಿ ಕದಡಿದವನಿಗೆ ವೀರಗಲ್ಲು ನೆಟ್ಟ ಅರಸನಿಲ್ಲ. 1982ರ ನಿಯಮವು ಈ ವಿಷಯದಲ್ಲಿ ಹಳೆಯ ಅರಸರಿಗಿಂತ ಒಂದು ಹೆಜ್ಜೆ ಮುಂದಿತ್ತು.

ಹಾಗೆಂದು ಕೇಳುವವರೆಲ್ಲರೂ ಸತ್ಯವಂತರೆಂದು ಹೇಳಲಾಗದು. ಉದಾರ ನಿಯಮವಿರುವಲ್ಲಿ ಅದರ ದುರುಪಯೋಗವೂ ಹುಟ್ಟುತ್ತದೆ. ಮಹಾಲೇಖಪಾಲರ 2023ರ ವರದಿಯು, ಸಾಮಾನ್ಯ ಸೈನಿಕರಿಗಿಂತ ಅಧಿಕಾರಿಗಳಲ್ಲಿಯೇ ಅಂಗವೈಕಲ್ಯ ಪಿಂಚಣಿಯೊಡನೆ ನಿವೃತ್ತರಾಗುವವರ ಪ್ರಮಾಣ ಬಹಳ ಹೆಚ್ಚಿರುವುದನ್ನೂ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಂಥ ಜೀವನಶೈಲಿಯ ರೋಗಗಳ ಪಾಲನ್ನೂ ಎತ್ತಿ ತೋರಿಸಿತು. ಕಠಿನ ಸ್ಥಳಗಳಲ್ಲಿ ಹೆಚ್ಚು ಕಾಲ ನಿಲ್ಲುವವನು ಸಿಪಾಯಿ. ಕಾಗದದ ದಾರಿ ಚೆನ್ನಾಗಿ ತಿಳಿದವನು ಅಧಿಕಾರಿ. ನಿವೃತ್ತಿಯ ವರ್ಷದಲ್ಲಿ ಹುಟ್ಟಿಕೊಳ್ಳುವ ಕಾಯಿಲೆಯ ಬಗ್ಗೆ ಸಂಶಯ ಬಂದರೆ ಸಂಶಯಪಟ್ಟವರನ್ನು ದೂರಲಾಗದು. ಇಲ್ಲದ ನೋವನ್ನು ಬರೆಸಿಕೊಂಡವನು ಬೊಕ್ಕಸವನ್ನು ಮಾತ್ರ ವಂಚಿಸುವುದಿಲ್ಲ. ನಿಜವಾದ ನೋವುಳ್ಳವನ ಮಾತಿಗೆ ಇರುವ ಬೆಲೆಯನ್ನೂ ಕದಿಯುತ್ತಾನೆ. ಅದೇ ವರ್ಷದ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದು, ಮುಂದೆ ನಿವೃತ್ತರಾಗುವವರ ಮಟ್ಟಿಗೆ ಹಿಡಿತ ಬಿಗಿಯಾಯಿತು. ಮಾಜಿ ಸೈನಿಕರ ಸಂಘಟನೆಗಳು ಇದನ್ನು ವಿರೋಧಿಸಿದವು. ಕಳ್ಳನನ್ನು ಹಿಡಿಯಲು ಊರ ಬಾಗಿಲನ್ನೇ ಕಿರಿದು ಮಾಡಿದರೆ ಮೊದಲು ಸಿಕ್ಕಿಬೀಳುವವನು ಊರುಗೋಲಿನವನು ಎಂಬ ಅವರ ಭಯವು ನಿರಾಧಾರವೆನ್ನಲಾಗದು. ಸುಳ್ಳನ್ನು ಪತ್ತೆ ಮಾಡುವುದಕ್ಕೆ ಪ್ರತಿಯೊಂದು ಪ್ರಕರಣವನ್ನೂ ಕಾರಣಸಹಿತವಾಗಿ ಪರಿಶೀಲಿಸುವುದೇ ದಾರಿ. ಅದು ಶ್ರಮದ ದಾರಿ.

ಅತ್ತ ಸರ್ಕಾರದ ಹಟವೂ ಚರ್ಚೆಗೆ ಯೋಗ್ಯವಾದುದೇ. ಒಂದು ವಿಷಯವು ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾದ ಮೇಲೂ ಅದೇ ವಿಷಯದಲ್ಲಿ ಒಬ್ಬೊಬ್ಬ ಸೈನಿಕನ ಮೇಲೂ ಬೇರೆ ಬೇರೆಯಾಗಿ ಮೇಲ್ಮನವಿ ಹೂಡುವ ರೂಢಿ ಬಹುಕಾಲ ನಡೆಯಿತು. ರಕ್ಷಣಾ ಸಚಿವರು ನೇಮಿಸಿದ ತಜ್ಞರ ಸಮಿತಿಯು 2015ರಲ್ಲಿ ಇದನ್ನು ಕಟುವಾಗಿ ಟೀಕಿಸಿ, ಅಂಗವೈಕಲ್ಯದ ಇಂಥ ಮೇಲ್ಮನವಿಗಳನ್ನು ಹಿಂತೆಗೆದುಕೊಳ್ಳಬೇಕೆಂದು ಶಿಫಾರಸು ಮಾಡಿತು. ಹತ್ತು ವರ್ಷಗಳ ನಂತರವೂ, 2025ರಲ್ಲಿ, ದೆಹಲಿ ಉಚ್ಚ ನ್ಯಾಯಾಲಯವು ಸರ್ಕಾರದ ನೂರಾರು ಅರ್ಜಿಗಳನ್ನು ಒಟ್ಟಾಗಿ ತಿರಸ್ಕರಿಸಬೇಕಾಗಿ ಬಂತು. ಯಾವ ಅಧಿಕಾರಿಯೂ ಇಲ್ಲಿ ದುಷ್ಟನಲ್ಲ. ಮೇಲ್ಮನವಿಗೆ ಸಹಿ ಹಾಕಿದವನನ್ನು ಯಾರೂ ಪ್ರಶ್ನಿಸುವುದಿಲ್ಲ, ಹಾಕದವನನ್ನು ಲೆಕ್ಕ ಪರಿಶೋಧಕರು ಪ್ರಶ್ನಿಸಬಹುದು. ಆದುದರಿಂದ ಸಹಿ ಬೀಳುತ್ತದೆ. ಯಾರ ಮನಸ್ಸಿನಲ್ಲಿಯೂ ದ್ವೇಷವಿಲ್ಲದೆ, ಯಾರ ಕೈಗೂ ರಕ್ತ ಅಂಟದೆ ಒಬ್ಬ ರೋಗಿಗೆ ಹತ್ತು ವರ್ಷ ನೋವು ಕೊಡಲು ಸಾಧ್ಯವಾಗುವುದು ಹೀಗೆ. ಪ್ರಮಾದದಿಂದ ಆಗುವ ಹಿಂಸೆಯ ವಿಚಾರ ಮಾಡುವಾಗ ಕಾಲಡಿಯ ಇರುವೆಯೊಂದಿಗೆ ಮೇಜಿನ ಮೇಲಿನ ಕಡತವನ್ನೂ ನೆನೆಯಬೇಕಾಗಿದೆ.

ಕಾಲವಿಳಂಬದ ಮಾತು ಇನ್ನೂ ತೊಡಕಿನದು. 1983ರಲ್ಲಿ ಬಿಡುಗಡೆಯಾಗಿ 1999ರಲ್ಲಿ ನ್ಯಾಯಾಲಯಕ್ಕೆ ಬಂದ ಸೈನಿಕನೊಬ್ಬನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ, ಪಿಂಚಣಿಯ ನಿರಾಕರಣೆಯು ತಿಂಗಳು ತಿಂಗಳೂ ಮರುಕಳಿಸುವ ಅನ್ಯಾಯವಾದುದರಿಂದ ತಡವಾಗಿ ಬಂದರೂ ಪರಿಹಾರವುಂಟೆಂದು ಒಪ್ಪಿತು. ಆದರೆ ಹಿಂದಿನ ಬಾಕಿಯನ್ನು ಅರ್ಜಿಗೆ ಮುಂಚಿನ ಮೂರು ವರ್ಷಗಳಿಗೆ ಸೀಮಿತಗೊಳಿಸಿತು. ಕಾನೂನಿಗೆ ಎಲ್ಲಿಯಾದರೂ ಗೆರೆ ಎಳೆಯಬೇಕಾಗುತ್ತದೆ, ಅದು ಸರಿ. ಆದರೆ ಕೇಳಲು ತಡಮಾಡಿದ ಮಾತ್ರಕ್ಕೆ ಉಳಿದ ಹದಿಮೂರು ವರ್ಷಗಳ ಸಾಲವು ಕೊಡಬೇಕಾದವನ ಅಂತಃಕರಣದಲ್ಲಿಯೂ ತೀರಿಹೋಯಿತೆನ್ನಲು ಬರುವುದಿಲ್ಲ. 2008ರ ನಿಯಮಗಳು, ಬಿಡುಗಡೆಯಾಗಿ ಹದಿನೈದು ವರ್ಷಗಳು ಕಳೆದ ಮೇಲೆ ಬರುವ ಕೋರಿಕೆಯಲ್ಲಿ ರುಜುವಾತಿನ ಹೊಣೆಯನ್ನೂ ಕೇಳುವವನಿಗೇ ವಹಿಸಿದವು. ಆದುದರಿಂದ ತಡಮಾಡಿದಷ್ಟೂ ಸೈನಿಕನ ಪಾಲು ಕರಗುತ್ತದೆ.

ಸಮಾಜದ ಸಂಸ್ಥೆಗಳು ಆಗಸ್ಟ್ 15ರಂದು ಮಾಜಿ ಸೈನಿಕರನ್ನು ಕರೆದು ಶಾಲು ಹೊದಿಸಿ ಹಣ್ಣು ಕೊಡುವುದು ವಾಡಿಕೆಯಾಗಿದೆ. ಶಾಲು ತಪ್ಪಲ್ಲ. ಆದರೆ ಶಾಲು ಹೊದೆದವನ ಮನೆಯ ಪೆಟ್ಟಿಗೆಯಲ್ಲಿ ಬಿಡುಗಡೆಯ ಪುಸ್ತಕ, ವೈದ್ಯಕೀಯ ಮಂಡಳಿಯ ವರದಿ, ಪಿಂಚಣಿ ಪಾವತಿಯ ಆದೇಶ, ಇಂಗ್ಲಿಷಿನಲ್ಲಿ ಬಂದ ನಿರಾಕರಣೆಯ ಪತ್ರ ಇವು ಓದಿ ಹೇಳುವವರಿಲ್ಲದೆ ಮಡಿಚಿ ಬಿದ್ದಿರುತ್ತವೆ. ವಿದ್ಯಾವಂತ ಮಕ್ಕಳಿರುವ ಮನೆಗಳಿಗೆ, ಲೆಕ್ಕಪತ್ರ ಬಲ್ಲ ಧರ್ಮದರ್ಶಿಗಳಿಗೆ, ವಕೀಲ ಬಂಧುಗಳಿಗೆ ಅದನ್ನು ಓದಿ ಹೇಳುವುದು ಒಂದು ಸಂಜೆಯ ಕೆಲಸ. ಮಂಡಳಿಯ ವರದಿಯ ಪ್ರತಿ ಇಲ್ಲದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ದಾಖಲೆ ಕಚೇರಿಯಿಂದ ಕೇಳಬಹುದು. ಅರ್ಜಿ ಬರೆಯಲು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ನೆರವು ದೊರೆಯುತ್ತದೆ. ಪತ್ರದಲ್ಲಿ ಮೊದಲು ನೋಡಬೇಕಾದುದು ಎರಡನ್ನು: ರೋಗವು ಸೇರುವಾಗ ಏಕೆ ಪತ್ತೆಯಾಗಲಿಲ್ಲವೆಂಬುದಕ್ಕೆ ಮಂಡಳಿಯು ಕಾರಣ ಬರೆದಿದೆಯೇ ಎಂಬುದನ್ನು, ಮತ್ತು ಪತ್ರದ ದಿನಾಂಕವನ್ನು. ಇಲಾಖೆಯ ಅಂತಿಮ ಆದೇಶದಿಂದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಸಲ್ಲಬೇಕು. ಅವಧಿ ಮೀರಿದ್ದರೆ ವಿಳಂಬಕ್ಕೆ ಕಾರಣವನ್ನು ಬೇರೆಯಾಗಿ ನಿವೇದಿಸಿಕೊಳ್ಳಬೇಕಾಗುತ್ತದೆ.